ಮರುನಾಡಿನ ಉದ್ಯಾನದಲ್ಲಿ ಶರತ್ಕಾಲ

ಭಾರತದ ವಾಯವ್ಯ ಭಾಗದಲ್ಲಿ ಹರಡಿಕೊಂಡಿರುವ ಥಾರ್ ಮರುಭೂಮಿಯ ಹೆಸರನ್ನು ಕೇಳಿದೊಡನೆ ಕಣ್ಣ ಮುಂದೆ ಬರುವುದು ಮರಳಿನ ದಿಬ್ಬಗಳು ಮತ್ತು ಒಂಟೆಗಳ ಸಾಲು. ಅಲ್ಲಿ ಹೂದೋಟವೊಂದನ್ನು ಕಲ್ಪಿಸಿಕೊಳ್ಳುವವರು ವಿರಳ. ಆದರೂ ಜೋಧಪುರ, ಬಿಕಾನೇರ, ಜೈಸಲ್ಮೇರ ಮೊದಲಾದ ಪಟ್ಟಣಗಳ ಮನೆಯಂಗಳಗಳಲ್ಲಿ, ರೈಲ್ವೆ ಹಾಗೂ ಸೇನಾ ವಸತಿಗಳಲ್ಲಿ, ಶಾಲೆಗಳ ಆವರಣಗಳಲ್ಲಿ ಫೆಬ್ರವರಿ ತಿಂಗಳ ಹೊತ್ತಿಗೆ ಬಣ್ಣಬಣ್ಣದ ಹೂಗಳು ಅರಳಿರುತ್ತವೆ. ಈ ಹೂಗಳ ಹಿಂದಿನ ದುಡಿಮೆಯೆಲ್ಲ ನಡೆಯುವುದು ನಾಲ್ಕೈದು ತಿಂಗಳ ಮೊದಲು, ಶರದೃತುವಿನಲ್ಲಿ. ಕರ್ನಾಟಕದಲ್ಲಿ ಮುಂಗಾರಿನ ಮೊದಲ ಹನಿ ಬಿದ್ದಾಗ ಸಸಿ ನೆಟ್ಟು ಅಭ್ಯಾಸವಿರುವವರು ಉದ್ಯೋಗನಿಮಿತ್ತ ಮರುನಾಡಿಗೆ ಬಂದಾಗ ಮೊದಲು ಬದಲಾಯಿಸಿಕೊಳ್ಳಬೇಕಾದದ್ದು ಈ ಪಂಚಾಂಗವನ್ನೇ.

ಥಾರ್ ಪ್ರದೇಶದ ಮಳೆ ಅಲ್ಪ ಮತ್ತು ಅನಿಶ್ಚಿತ. ಜೈಸಲ್ಮೇರದ ಪಶ್ಚಿಮಕ್ಕೆ ವರ್ಷಕ್ಕೆ 150 ಮಿಲಿಮೀಟರಿಗೂ ಕಡಿಮೆ ಮಳೆಯಾದರೆ, ಜೋಧಪುರದ ಸುತ್ತಮುತ್ತ ಅದು ಸುಮಾರು 350 ಮಿಲಿಮೀಟರಿನಷ್ಟಿರುತ್ತದೆ. ಇದರ ಬಹುಪಾಲು ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಕೆಲವೇ ದಿನಗಳಲ್ಲಿ ಸುರಿದುಹೋಗುತ್ತದೆ. ಉಳಿದ ಕಾಲವೆಲ್ಲ ಬಿಸಿಲಿನದು. 2016ರ ಮೇ 19ರಂದು ಫಲೋದಿಯಲ್ಲಿ ಉಷ್ಣಾಂಶ 51 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಇಂಥ ಬೇಸಗೆಯಲ್ಲಿ ಕೋಮಲವಾದ ಗಿಡಗಳನ್ನು ಉಳಿಸಿಕೊಳ್ಳುವುದೇ ಸಾಹಸ. ಹೊಸದಾಗಿ ಬೆಳೆಸುವ ಮಾತು ದೂರ ಉಳಿಯಿತು.

ನೈಋತ್ಯ ಮಾರುತಗಳು ದೇಶದಿಂದ ಹಿಂದೆ ಸರಿಯಲು ಆರಂಭಿಸುವುದು ಪಶ್ಚಿಮ ರಾಜಸ್ಥಾನದಿಂದಲೇ. ಹವಾಮಾನ ಇಲಾಖೆಯು 2020ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ ಈ ನಿರ್ಗಮನದ ಸಾಮಾನ್ಯ ದಿನಾಂಕ ಸೆಪ್ಟೆಂಬರ್ 17. ಅದಕ್ಕೆ ಮೊದಲು ಸೆಪ್ಟೆಂಬರ್ 1 ಎಂದು ಎಣಿಸಲಾಗುತ್ತಿತ್ತು. ಮೋಡಗಳು ಚದುರಿದೊಡನೆ ತಂಪು ಬರುತ್ತದೆಂದು ಭಾವಿಸುವುದು ತಪ್ಪು. ಮಾರವಾಡದಲ್ಲಿ ಆಶ್ವಯುಜ ಮಾಸಕ್ಕೆ ‘ಆಸೋಜ್’ ಎಂದು ಹೆಸರು. ಆಸೋಜ್ ತಿಂಗಳ ನಿರಭ್ರ ಆಕಾಶದಿಂದ ಇಳಿಯುವ ಬಿಸಿಲು ಚುರುಕಾದದ್ದು. ಅಕ್ಟೋಬರ್ ತಿಂಗಳಲ್ಲಿಯೂ ಹಗಲಿನ ಉಷ್ಣಾಂಶ 36 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬದಲಾಗುವುದು ರಾತ್ರಿ. ಮರಳು ಹಗಲು ಬೇಗನೆ ಕಾಯುವಂತೆಯೇ ಇರುಳು ಬೇಗನೆ ಆರುತ್ತದೆ. ಅಕ್ಟೋಬರ್ ಕಳೆದಂತೆ ರಾತ್ರಿಗಳು ತಂಪಾಗುತ್ತ, ನವೆಂಬರಿನಲ್ಲಿ 14-15 ಡಿಗ್ರಿಗೆ ಇಳಿಯುತ್ತವೆ. ಬೇಸಗೆಯಲ್ಲಿ ಮರಳನ್ನು ಎತ್ತಿ ತೂರುವ ಗಾಳಿಯೂ ಈ ಎರಡು ತಿಂಗಳಲ್ಲಿ ಅಡಗಿರುತ್ತದೆ. ನೆಲದಲ್ಲಿ ಇನ್ನೂ ಬೆಚ್ಚಗಿರುವ ಮಣ್ಣು, ಮೇಲೆ ದಿನದಿಂದ ದಿನಕ್ಕೆ ತಣಿಯುವ ಗಾಳಿ: ಈ ಎರಡೂ ಕೂಡಿದಾಗ ಬೇರು ಹುರುಪಿನಿಂದ ಹಬ್ಬುತ್ತದೆ, ಎಲೆಗಳಿಂದ ಆವಿಯಾಗಿ ಹೋಗುವ ನೀರು ಕಡಿಮೆಯಾಗುತ್ತದೆ. ಸಸಿಗೆ ಇದಕ್ಕಿಂತ ಒಳ್ಳೆಯ ಆರಂಭ ಮರುಭೂಮಿಯಲ್ಲಿ ಮತ್ತೊಂದಿಲ್ಲ.

ಎರಡು ಬಗೆಯ ಸಸ್ಯಗಳು, ಎರಡು ಬಗೆಯ ಕಾಲಗಣನೆ

ಮರುಭೂಮಿಯ ತೋಟದಲ್ಲಿ ಶರತ್ಕಾಲ ಬಂದಾಗ ಎರಡು ಬಗೆಯ ಸಸ್ಯಗಳು ಎದುರುಬದುರಾಗುತ್ತವೆ. ಮೊದಲನೆಯವು ಆ ನೆಲದವೇ ಆದ, ಬೇಸಗೆಯ ಮಳೆಯನ್ನು ನಂಬಿದ ಸಸ್ಯಗಳು. ಅವುಗಳ ವರ್ಷ ಶರತ್ಕಾಲದಲ್ಲಿ ಮುಗಿಯುತ್ತ ಬಂದಿರುತ್ತದೆ. ಎರಡನೆಯವು ಚಳಿಗಾಲದಲ್ಲಿ ಮಳೆ ಬೀಳುವ ದೂರದ ನಾಡುಗಳಿಂದ ಬಂದ ವಾರ್ಷಿಕ ಹೂಗಿಡಗಳು. ಅವುಗಳ ವರ್ಷ ಆಗಷ್ಟೇ ತೊಡಗುತ್ತದೆ. ತೋಟಗಾರನು ಈ ವ್ಯತ್ಯಾಸವನ್ನು ಮರೆತು ಎಲ್ಲಕ್ಕೂ ಒಂದೇ ಅಳತೆಯಲ್ಲಿ ನೀರೆರೆದರೆ ಒಂದು ಗುಂಪು ಕೊಳೆಯುತ್ತದೆ, ಇನ್ನೊಂದು ಬಾಡುತ್ತದೆ.

ನೆಲದ ಸಸ್ಯಗಳಲ್ಲಿ ಕನ್ನಡಿಗರಿಗೆ ಪರಿಚಿತವಾದವು ಕೆಲವುಂಟು. ರಾಜಸ್ಥಾನದ ರಾಜ್ಯವೃಕ್ಷವಾದ ಖೇಜಡಿ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ಉತ್ತರ ಕರ್ನಾಟಕದಲ್ಲಿ ಪೂಜೆಗೊಳ್ಳುವ ಬನ್ನಿ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿಯೂ ಸೇರಿದಂತೆ 363 ಮಂದಿ ಬಿಷ್ಣೋಯಿಗಳು ಮರಗಳನ್ನು ತಬ್ಬಿಕೊಂಡು ಪ್ರಾಣ ತೆತ್ತರು. ಮಳೆ ಮುಗಿಯುವ ಹೊತ್ತಿಗೆ ಹಳದಿ ಹೂಗಳಿಂದ ತುಂಬುವ, ಅಲ್ಲಿ ‘ಆಂವಲ್’ ಎನಿಸಿಕೊಳ್ಳುವ ಪೊದೆ ನಮ್ಮ ಬಯಲುಸೀಮೆಯ ತಂಗಡಿ. ಎಕ್ಕವಂತೂ ಎರಡೂ ಕಡೆ ಒಂದೇ. ಇವುಗಳ ಜೊತೆಗೆ ಬಿಳಿಯ ಉಣ್ಣೆಯಂಥ ತೆನೆಗಳನ್ನು ಬಿಡುವ ‘ಬುಯಿ’ (ಇದರ ಹೂವನ್ನು ದಿಂಬುಗಳಿಗೆ ತುಂಬುವ ರೂಢಿಯುಂಟು), ಎಲೆಯಿಲ್ಲದ ಹಸಿರು ಕಡ್ಡಿಗಳ ಕೈರ್ ಮತ್ತು ಖೀಂಪ್, ಮರಳುದಿಬ್ಬಗಳ ಮೇಲೆ ಬೆಳೆಯುವ ಫೋಗ್, ಬಂಡೆಗಳ ನಡುವಿನ ಥೋರ್ ಕಳ್ಳಿ, ಜೈಸಲ್ಮೇರದ ಸೇವಣ್ ಹುಲ್ಲು ಇವೆಲ್ಲ ಅಲಂಕಾರಕ್ಕೆ ಯೋಗ್ಯವಾದ ಸಸ್ಯಗಳೇ. ಹೂಕುಂಡದಲ್ಲಿ ಬೆಳೆದದ್ದು ಮಾತ್ರ ಅಲಂಕಾರ ಸಸ್ಯವೆಂಬ ಭಾವನೆ ಇವುಗಳಿಗೆ ಅನ್ಯಾಯ ಮಾಡಿದೆ. ಸಂಜೆಯ ಓರೆಬಿಸಿಲಿನಲ್ಲಿ ಸೇವಣ್ ಹುಲ್ಲಿನ ಒಂದು ಸಾಲು ಹೊನ್ನಿನ ಬಣ್ಣಕ್ಕೆ ತಿರುಗುವುದನ್ನು ನೋಡಿದವರು ಅದನ್ನು ಬರಿಯ ಮೇವೆಂದು ಹೇಳಲಾರರು.

ಇಂಥ ಸಸ್ಯಗಳಿಂದಲೇ ಉದ್ಯಾನವನ್ನು ರೂಪಿಸಬಹುದೆಂಬುದಕ್ಕೆ ಜೋಧಪುರದಲ್ಲಿ ಒಂದು ನಿದರ್ಶನವಿದೆ. ಮೆಹರಾನಗಢ ಕೋಟೆಯ ಬುಡದ ಬಂಡೆಗಳ ಮೇಲೆ ದಟ್ಟವಾಗಿ ಬೆಳೆದಿದ್ದ ಬಳ್ಳಾರಿ ಜಾಲಿಯನ್ನು ತೆಗೆದು, ಮರುಭೂಮಿಯ ಕಲ್ಲುನೆಲಕ್ಕೆ ಸಹಜವಾದ ಗಿಡಗಳನ್ನು ಮರಳಿ ನೆಲೆಗೊಳಿಸುವ ಕಾರ್ಯ 2006ರಲ್ಲಿ ಆರಂಭವಾಯಿತು. ಮಧ್ಯ ಹಾಗೂ ದಕ್ಷಿಣ ಅಮೆರಿಕದ ಮೂಲದ ಈ ಜಾಲಿಗೆ ಮಾರವಾಡದಲ್ಲಿ ‘ಬಾವಳಿಯಾ’ ಎನ್ನುತ್ತಾರೆ. ಒಂದು ಕಾಲದಲ್ಲಿ ಜೋಧಪುರ ಸಂಸ್ಥಾನವೇ ಇದಕ್ಕೆ ರಾಜಮನ್ನಣೆ ನೀಡಿ ಬೆಳೆಸಿತ್ತು. ಬಂಡೆಯ ಬಿರುಕುಗಳಲ್ಲಿ ಆಳವಾಗಿ ಇಳಿದಿದ್ದ ಬೇರನ್ನು ಕೊಡಲಿಯಿಂದ ಕಡಿದರೆ ಮತ್ತೆ ಚಿಗುರುತ್ತಿತ್ತು. ಕೊನೆಗೆ ಕಲ್ಲುಗಣಿಗಳಲ್ಲಿ ದುಡಿದು ಪಳಗಿದ ಕೆಲಸಗಾರರು ಉಳಿ ಸುತ್ತಿಗೆಗಳಿಂದ ಬಂಡೆಯನ್ನೇ ಬಿಡಿಸಿ ಬೇರನ್ನು ತೆಗೆದರು. 2011ರಲ್ಲಿ ಸಾರ್ವಜನಿಕರಿಗೆ ತೆರೆದ ಈ ರಾವ್ ಜೋಧಾ ಮರುಭೂಮಿ ಶಿಲೋದ್ಯಾನದಲ್ಲಿ ಮಳೆಯ ನಂತರದ ವಾರಗಳಲ್ಲಿ ಅಡ್ಡಾಡಿದರೆ, ಯಾವ ಗಿಡ ಎಂಥ ನೆಲದಲ್ಲಿ ತಾನಾಗಿ ನಿಲ್ಲುತ್ತದೆಂಬುದನ್ನು ಕಣ್ಣಾರೆ ಕಲಿಯಬಹುದು. ಇದೇ ನಗರದಲ್ಲಿ 1952ರಲ್ಲಿ ಮರುಭೂಮಿ ಅರಣ್ಯೀಕರಣ ಕೇಂದ್ರವಾಗಿ ಹುಟ್ಟಿ, 1959ರಲ್ಲಿ ಇಂದಿನ ರೂಪ ಪಡೆದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯೂ ಇದ್ದು, ಮರಳುದಿಬ್ಬಗಳನ್ನು ಸಸ್ಯಗಳಿಂದ ಸ್ಥಿರಗೊಳಿಸುವ ವಿಧಾನಗಳನ್ನು ಬಹುಕಾಲದಿಂದ ಅಭ್ಯಸಿಸಿದೆ.

ಈ ನೆಲದ ಗಿಡಮರಗಳನ್ನು ನೆಡಲು ಮೊದಲ ಸಮಯ ಮಳೆಗಾಲವೇ. ಶರತ್ಕಾಲದಲ್ಲಿ ಮಾಡಬೇಕಾದದ್ದು ಆರೈಕೆ. ಜುಲೈ-ಆಗಸ್ಟ್‌ನಲ್ಲಿ ನೆಟ್ಟ ಖೇಜಡಿ, ರೋಹಿಡಾ ಮೊದಲಾದ ಸಸಿಗಳಿಗೆ ಇದು ಮೊದಲ ಪರೀಕ್ಷೆಯ ಕಾಲ. ಬುಡದ ಸುತ್ತ ಪಾತಿಯನ್ನು ಮತ್ತೆ ಸರಿಪಡಿಸಿ, ಕಳೆ ಕಿತ್ತು, ಹತ್ತು-ಹನ್ನೆರಡು ದಿನಗಳಿಗೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು. ದಿನವೂ ಚಿಮುಕಿಸಿದ ನೀರು ಮೇಲ್ಮಣ್ಣಿನಲ್ಲೇ ಉಳಿದು ಬೇರನ್ನು ಮೇಲಕ್ಕೆ ಸೆಳೆಯುತ್ತದೆ. ಮುಂದಿನ ಮೇ ತಿಂಗಳಲ್ಲಿ ಆ ಬೇರು ಸುಟ್ಟುಹೋಗುತ್ತದೆ. ರೋಹಿಡಾ ರಾಜಸ್ಥಾನದ ರಾಜ್ಯಪುಷ್ಪ. ಚಳಿ ಇಳಿಯುವಾಗ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಗಂಟೆಯಾಕಾರದ ಹೂಗಳಿಂದ ತುಂಬುವ ಈ ಮರ ಬೆಳೆಯುವುದು ನಿಧಾನ. ಆದರೆ ಒಮ್ಮೆ ಬೇರೂರಿದ ಮೇಲೆ ಅದು ತೋಟಗಾರನಿಂದ ಬೇಡುವುದು ಬಹಳ ಕಡಿಮೆ.

ದೂರದಿಂದ ಬಂದ ಹೂಗಳು

ಎರಡನೆಯ ಗುಂಪಿನ ಸಸ್ಯಗಳ ತವರನ್ನು ಗಮನಿಸಿದರೆ ಅವು ಥಾರ್‌ನ ಚಳಿಗಾಲಕ್ಕೆ ಏಕೆ ಒಗ್ಗುತ್ತವೆ ಎಂಬುದು ತಿಳಿಯುತ್ತದೆ. ಗಜಾನಿಯಾ, ಡೈಮಾರ್ಫೊಥೀಕಾ, ಐಸ್ ಪ್ಲಾಂಟ್ ಇವು ದಕ್ಷಿಣ ಆಫ್ರಿಕದವು. ಆ ದೇಶದ ಪಶ್ಚಿಮದ ಒಣನಾಡಿನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಶರತ್ಕಾಲದ ಮೊದಲ ತೇವಕ್ಕೆ ಬೀಜ ಮೊಳೆತು, ಚಳಿಯಲ್ಲಿ ಬೆಳೆದು, ವಸಂತದಲ್ಲಿ ಹೂಬಿಟ್ಟು, ಬೇಸಗೆ ಬರುವ ಮುನ್ನ ಬೀಜವಾಗಿ ಮುಗಿಯುವುದು ಇಂಥ ನಾಡಿನ ಗಿಡಗಳ ಜೀವನಕ್ರಮ. ಕ್ಯಾಲಿಫೋರ್ನಿಯಾ ಪಾಪಿ ಮತ್ತು ಮೆಡಿಟರೇನಿಯನ್ ಪ್ರದೇಶದ ಕ್ಯಾಲೆಂಡುಲಾ ಕೂಡ ಇದೇ ಕ್ರಮವನ್ನು ಪಾಲಿಸುತ್ತವೆ. ಥಾರ್‌ನಲ್ಲಿ ಇವುಗಳಿಗೆ ಬೇಕಾದ ತಂಪೂ ಇದೆ, ಬಿಸಿಲೂ ಇದೆ. ಮೋಡ ಕವಿದರೆ ಮುಚ್ಚಿಕೊಳ್ಳುವ ಗಜಾನಿಯಾ ಹೂಗಳಿಗಂತೂ ಮರುನಾಡಿನ ತಿಳಿಯಾದ ಚಳಿಗಾಲ ಹೇಳಿ ಮಾಡಿಸಿದಂತಿದೆ. ಇಲ್ಲದಿರುವುದು ನೀರು ಮಾತ್ರ. ‘ಮಾವಠ್’ ಎಂದು ಕರೆಯಲಾಗುವ ಚಳಿಗಾಲದ ತುಂತುರು ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ಕೊರತೆಯನ್ನು ತೋಟಗಾರನೇ ತುಂಬಬೇಕು.

ಬಿತ್ತನೆಯ ಸಮಯವನ್ನು ನಿರ್ಧರಿಸುವಾಗ ಆತುರ ಸಲ್ಲದು. ಸೆಪ್ಟೆಂಬರ್ ತಿಂಗಳಲ್ಲಿಯೇ ಬಿತ್ತಿದ ಬೀಜ ಕಾದ ಮಣ್ಣಿನಲ್ಲಿ ಮೊಳೆಯದೆ ಉಳಿಯುತ್ತದೆ, ಮೊಳೆತರೂ ಸಸಿ ಬುಡದಲ್ಲಿ ಕೊಳೆತು ಮಲಗುತ್ತದೆ. ತಡಮಾಡಿ ನವೆಂಬರ್ ಮಧ್ಯ ದಾಟಿಸಿದರೆ ಸಸಿ ಬಲಿಯುವ ಮುನ್ನ ಚಳಿ ಬಂದು ಬೆಳವಣಿಗೆ ನಿಲ್ಲುತ್ತದೆ. ಹೂ ಬರುವ ಹೊತ್ತಿಗೆ ಬಿಸಿಗಾಳಿ ಬೀಸತೊಡಗುತ್ತದೆ. ನವರಾತ್ರಿಯ ಆಸುಪಾಸಿನಲ್ಲಿ ಒಟ್ಟುಪಾತಿಯಲ್ಲಿ ಬಿತ್ತಿ, ದೀಪಾವಳಿ ಕಳೆದ ಮೇಲೆ ಸಸಿ ಕಿತ್ತು ನಾಟಿ ಮಾಡುವುದು ಸುಲಭವಾಗಿ ನೆನಪಿಡಬಹುದಾದ ಲೆಕ್ಕ. ಹಬ್ಬಗಳು ಅಧಿಕಮಾಸದಿಂದಾಗಿ ಹಿಂದೆ ಮುಂದೆ ಸರಿಯುವುದರಿಂದ ರಾತ್ರಿಯ ತಂಪನ್ನೇ ಕೊನೆಯ ಪ್ರಮಾಣವಾಗಿಟ್ಟುಕೊಳ್ಳಬೇಕು. ಮುಂಜಾನೆ ತೆಳುವಾದ ಹೊದಿಕೆಯನ್ನು ಎಳೆದುಕೊಳ್ಳಬೇಕೆನಿಸಿದರೆ ಬಿತ್ತನೆಯ ಕಾಲ ಬಂದಿದೆ ಎಂದು ತಿಳಿಯಬಹುದು.

ಒಟ್ಟುಪಾತಿಯ ಮೇಲೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದಂತೆ ಗೋಣಿತಟ್ಟು ಅಥವಾ ಹುಲ್ಲಿನ ಚಪ್ಪರ ಬೇಕು. ಮೊಳಕೆ ಬಂದ ಮೇಲೆ ಅದನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸಬೇಕು. ಪಿಟೂನಿಯಾದ ಬೀಜ ಧೂಳಿನಷ್ಟು ಸಣ್ಣದಾದ್ದರಿಂದ ಒಣಮರಳಿನಲ್ಲಿ ಬೆರೆಸಿ ಚೆಲ್ಲುತ್ತಾರೆ, ಮೇಲೆ ಮಣ್ಣು ಮುಚ್ಚುವುದಿಲ್ಲ. ಫ್ಲಾಕ್ಸ್ ಬೀಜಕ್ಕೆ ಕತ್ತಲೆ ಬೇಕು, ಅದನ್ನು ಮುಚ್ಚಬೇಕು. ಕ್ಯಾಲಿಫೋರ್ನಿಯಾ ಪಾಪಿ, ಲಾರ್ಕ್‌ಸ್ಪರ್, ನಸ್ಟರ್ಶಿಯಂ, ಸ್ವೀಟ್ ಪೀ ಇವುಗಳ ಬೇರು ಕದಲಿಸಿದರೆ ಸಹಿಸದು. ಆದ್ದರಿಂದ ಇವನ್ನು ಬೆಳೆಯಬೇಕಾದ ಜಾಗದಲ್ಲಿಯೇ ಬಿತ್ತುವುದು ಸರಿ; ಅದರಲ್ಲೂ ಲಾರ್ಕ್‌ಸ್ಪರ್ ಬೀಜವನ್ನು ನವೆಂಬರಿನ ತಂಪು ಬರುವವರೆಗೆ ಕಾದು ಬಿತ್ತಬೇಕು.

ಕುಂಡದ ಗಿಡಗಳ ಕೆಲಸವೂ ಇದೇ ಕಾಲದಲ್ಲಿ ಬರುತ್ತದೆ. ಗುಲಾಬಿಗೆ ಒಂದು ವಾರ ನೀರು ತಡೆದು ಅಕ್ಟೋಬರ್ ಮಧ್ಯದಲ್ಲಿ ಸವರಿದರೆ ಸುಮಾರು ಆರು ವಾರಗಳಲ್ಲಿ ಹೂ ಕಾಣುತ್ತದೆ. ಸೇವಂತಿಗೆಯು ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡವಾದ್ದರಿಂದ ಅದರ ಕುಂಡವನ್ನು ಬೀದಿದೀಪದ ಬೆಳಕು ಬೀಳುವ ಕಡೆ ಇಡಬಾರದು. ಬೋಗನ್‌ವಿಲ್ಲಾಕ್ಕೆ ಮಳೆ ನಿಂತ ಮೇಲೆ ನೀರು ಕಡಿಮೆ ಮಾಡಿದಷ್ಟೂ ಬಣ್ಣ ಹೆಚ್ಚು. ಇದರ ಬಣ್ಣದ ಭಾಗ ಹೂದಳವಲ್ಲ, ಎಲೆಯ ಮಾರ್ಪಾಡು. ಹಾಗಾಗಿ ಅದು ಬೇಗ ಬಾಡುವುದಿಲ್ಲ. ಅಡೀನಿಯಂ ಮತ್ತು ಪಾಪಾಸುಕಳ್ಳಿಗಳಿಗೆ ಅಕ್ಟೋಬರ್ ಕೊನೆಯಿಂದ ನೀರನ್ನು ಕ್ರಮೇಣ ಇಳಿಸಿ, ಚಳಿಗಾಲವಿಡೀ ಬಹುತೇಕ ಒಣಗಲು ಬಿಡಬೇಕು. ಅಡೀನಿಯಂ ಎಲೆ ಉದುರಿಸಿದಾಗ ಗಿಡ ಸತ್ತಿತೆಂದು ಗಾಬರಿಯಿಂದ ನೀರು ಸುರಿಯುವುದೇ ಅದು ನಿಜವಾಗಿ ಸಾಯಲು ಕಾರಣವಾಗುತ್ತದೆ.

ಮಣ್ಣು ಮತ್ತು ಉಪ್ಪು

ಮರಳು ನೀರನ್ನು ಹಿಡಿದಿಡುವುದಿಲ್ಲ, ಪೋಷಕಾಂಶಗಳನ್ನೂ ಹಿಡಿದಿಡುವುದಿಲ್ಲ. ಮಾರವಾಡದ ಹಳ್ಳಿಗಳಲ್ಲಿ ‘ನಾಡಿ’ ಎಂದು ಕರೆಯುವ ಕಟ್ಟೆಗಳ ತಳದ ಗೋಡುಮಣ್ಣನ್ನು ಮರಳಿಗೆ ಬೆರೆಸುವುದು ಉತ್ತಮ ಉಪಾಯ. ಕೆರೆಗೋಡನ್ನು ಹೊಲಕ್ಕೆ ಹೊಡೆಯುವ ಪದ್ಧತಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಡುಕುರಿಗಳ ಹಿಕ್ಕೆ ಸುಲಭವಾಗಿ ದೊರೆಯುತ್ತದೆ, ಆದರೆ ಅದು ಪೂರ್ತಿ ಕಳಿತಿರಬೇಕು. ಹಸಿಗೊಬ್ಬರ ಹಾಕಿದಲ್ಲಿ ಗೆದ್ದಲು ಮುತ್ತುತ್ತದೆ. ಗೊಬ್ಬರದೊಡನೆ ಬೇವಿನ ಹಿಂಡಿಯನ್ನು ಸೇರಿಸುವುದು ಗೆದ್ದಲಿಗೆ ಸ್ವಲ್ಪ ತಡೆ. ತೇವ ಆರದಂತೆ ನೆಲಕ್ಕೆ ಹೊದಿಸಲು ಆಗತಾನೆ ಕೊಯ್ಲಾದ ಸಜ್ಜೆಯ ದಂಟು ಶರತ್ಕಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ಗೆದ್ದಲಿನ ಕಾಟ ಹೆಚ್ಚಿರುವ ಕಡೆ ಅದರ ಬದಲು ಕಲ್ಲಿನ ಚೂರುಗಳನ್ನು ಹರಡುವುದು ಮೇಲು.

ಹೆಚ್ಚಿನ ಅಪಾಯವಿರುವುದು ಉಪ್ಪಿನಲ್ಲಿ. ಪಶ್ಚಿಮ ರಾಜಸ್ಥಾನದ ಬಹುಭಾಗದಲ್ಲಿ ಅಂತರ್ಜಲ ಉಪ್ಪಾಗಿದೆ. ಕೊಳವೆಬಾವಿಯ ನೀರನ್ನು ದಿನವೂ ಸ್ವಲ್ಪ ಸ್ವಲ್ಪ ಹಾಕುತ್ತ ಹೋದರೆ ನೀರು ಆವಿಯಾಗಿ ಉಪ್ಪು ಮಾತ್ರ ಮಣ್ಣಿನಲ್ಲಿ ಉಳಿಯುತ್ತದೆ. ಎಲೆಗಳ ತುದಿ ಕಂದಾಗಿ ಸುಟ್ಟಂತಾಗುವುದು, ಕುಂಡದ ಅಂಚಿನಲ್ಲಿ ಬಿಳಿಯ ಪದರ ಕಾಣುವುದು ಇದರ ಲಕ್ಷಣಗಳು. ಅನೇಕರು ಇದನ್ನು ನೀರಿನ ಕೊರತೆಯೆಂದು ಭ್ರಮಿಸಿ ಅದೇ ನೀರನ್ನು ಇನ್ನಷ್ಟು ಹಾಕುತ್ತಾರೆ. ಅಡಿಯಲ್ಲಿ ನೀರು ಬಸಿದುಹೋಗಲು ದಾರಿಯಿಟ್ಟು, ಆಗಾಗ ಒಮ್ಮೆ ಸಿಹಿನೀರನ್ನು ಧಾರಾಳವಾಗಿ ಹಾಯಿಸಿ ಉಪ್ಪನ್ನು ಬೇರಿನ ಕೆಳಕ್ಕೆ ತೊಳೆಯಬೇಕು. ಎಲೆಗಳ ಮೇಲೆ ಉಪ್ಪುನೀರು ಬೀಳಕೂಡದು. ಸ್ಟ್ಯಾಟಿಸ್, ಐಸ್ ಪ್ಲಾಂಟ್, ಗೈಲಾರ್ಡಿಯಾ, ಕಣಗಿಲೆ, ಬೋಗನ್‌ವಿಲ್ಲಾ ಇವು ಉಪ್ಪನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಗುಲಾಬಿ ತಾಳುವುದಿಲ್ಲ; ಸಿಹಿನೀರಿಲ್ಲದ ಮನೆಯಲ್ಲಿ ಅದರ ಆಸೆಯನ್ನು ಬಿಡುವುದೇ ವಿವೇಕ. ಕಣಗಿಲೆಯ ಎಲ್ಲ ಭಾಗಗಳೂ ವಿಷವಾದ್ದರಿಂದ ಮಕ್ಕಳು, ದನಕರುಗಳು ಇರುವಲ್ಲಿ ಎಚ್ಚರ ಅಗತ್ಯ.

ನೀರಿನ ಲೆಕ್ಕ

ಮರುನಾಡಿನಲ್ಲಿ ಹೂವಿಗೆ ಎರೆಯುವ ಪ್ರತಿ ಕೊಡವೂ ಕುಡಿಯುವ ನೀರಿನಿಂದಲೇ ಬರುವ ಸಂದರ್ಭಗಳುಂಟು. ಆದಕಾರಣ ತೋಟವನ್ನು ಆರಂಭಿಸುವ ಮೊದಲು ಲೆಕ್ಕ ಹಾಕಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಜೋಧಪುರದಲ್ಲಿ 100 ಚದರ ಮೀಟರಿನ ತಾರಸಿಯ ಮೇಲೆ 350 ಮಿಲಿಮೀಟರ್ ಮಳೆ ಬಿದ್ದ ವರ್ಷ 35,000 ಲೀಟರ್ ಬೀಳುತ್ತದೆ. ಐದರಲ್ಲಿ ನಾಲ್ಕು ಪಾಲು ಸಂಗ್ರಹವಾದರೆ 28,000 ಲೀಟರ್. ಇಂಥ ಮಳೆನೀರನ್ನು ನೆಲದಡಿಯ ‘ಟಾಂಕಾ’ಗಳಲ್ಲಿ ಕೂಡಿಡುವ ಪದ್ಧತಿ ಅಲ್ಲಿ ಪುರಾತನವಾದದ್ದು. ಈಗ 50 ಚದರ ಮೀಟರಿನ ಹುಲ್ಲುಹಾಸನ್ನು ಬೆಳೆಸಿದರೆ, ದಿನಕ್ಕೆ ಸರಾಸರಿ 3 ಮಿಲಿಮೀಟರ್ ನೀರೆಂದು ಹಿಡಿದರೂ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗಿನ 150 ದಿನಗಳಿಗೆ 22,500 ಲೀಟರ್ ಬೇಕು. ಅಂದರೆ ವರ್ಷದ ಮಳೆಯ ಬಹುಪಾಲನ್ನು ಹುಲ್ಲೇ ಕುಡಿದುಬಿಡುತ್ತದೆ, ಅದೂ ಬೇಸಗೆ ಇನ್ನೂ ಮುಂದಿರುವಾಗ. ಮರುಭೂಮಿಯಲ್ಲಿ ಹುಲ್ಲುಹಾಸು ಬೇರೆ ಪ್ರದೇಶಗಳ ಅನುಕರಣೆಯೇ ಹೊರತು ಅಗತ್ಯವಲ್ಲ.

ಇದಕ್ಕೆ ಪ್ರತಿಯಾಗಿ ಮಡಕೆ ನೀರಾವರಿಯನ್ನು ನೋಡಬಹುದು. ಮೆರುಗು ಕೊಡದ ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟರೆ ಮಡಕೆಯ ಸೂಕ್ಷ್ಮರಂಧ್ರಗಳಿಂದ ನೀರು ನಿಧಾನವಾಗಿ ಜಿನುಗುತ್ತದೆ. ಸುತ್ತಲಿನ ಮಣ್ಣು ಒಣಗಿದಾಗ ಜಿನುಗುವಿಕೆ ಹೆಚ್ಚುತ್ತದೆ, ತೇವವಿರುವಾಗ ತಗ್ಗುತ್ತದೆ. ಗಿಡಗಳ ಬೇರು ಮಡಕೆಯತ್ತಲೇ ಸಾಗಿ ಅದನ್ನು ಬಲೆಯಂತೆ ಸುತ್ತಿಕೊಳ್ಳುತ್ತದೆ. ಐದು ಲೀಟರಿನ ಹತ್ತು ಮಡಕೆಗಳನ್ನು ವಾರಕ್ಕೆ ಎರಡು ಸಲ ತುಂಬಿದರೆ ವಾರಕ್ಕೆ 100 ಲೀಟರ್, ಅದೇ 150 ದಿನಗಳಿಗೆ ಸುಮಾರು 2,200 ಲೀಟರ್ ಸಾಕು. ಪ್ರತಿ ಮಡಕೆಯ ಸುತ್ತ ನಾಲ್ಕೈದು ಸಸಿಗಳನ್ನು ನೆಟ್ಟರೂ ಅಂಗಳ ಹೂವಿನಿಂದ ತುಂಬುತ್ತದೆ, ವೆಚ್ಚವಾಗುವ ನೀರು ಹುಲ್ಲುಹಾಸಿನ ಹತ್ತನೆಯ ಒಂದು ಪಾಲು. ಉಪ್ಪುನೀರಿನಿಂದ ಮಡಕೆಯ ರಂಧ್ರಗಳು ಕಟ್ಟಿಕೊಳ್ಳುವುದರಿಂದ ವರ್ಷ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕಾಗಬಹುದು.

ಪಂಜಾಬಿನ ಹರಿಕೆ ಅಣೆಕಟ್ಟಿನಿಂದ ಹೊರಡುವ ಇಂದಿರಾ ಗಾಂಧಿ ಕಾಲುವೆಯ ನೀರು ಇಂದು ಬಿಕಾನೇರ, ಜೈಸಲ್ಮೇರ, ಜೋಧಪುರ ಸೇರಿ ಅನೇಕ ಊರುಗಳನ್ನು ತಲುಪುತ್ತಿದೆ. ಆದರೆ ದುರಸ್ತಿಗಾಗಿ ಈ ಕಾಲುವೆಯನ್ನು ಪ್ರತಿವರ್ಷ ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಮೇ ತಿಂಗಳ ನಡುವೆ ಕೆಲವು ವಾರ ಮುಚ್ಚುತ್ತಾರೆ. ‘ನಹರ್‌ಬಂದಿ’ ಎಂದು ಕರೆಯುವ ಆ ಅವಧಿಯಲ್ಲಿ ನಲ್ಲಿಗಳಿಗೆ ದಿನ ಬಿಟ್ಟು ದಿನ ನೀರು ಬಂದರೆ ಅದೇ ಭಾಗ್ಯ. ಶರತ್ಕಾಲದಲ್ಲಿ ಬಿತ್ತಿದ ವಾರ್ಷಿಕಗಳ ಹೂಗಾಲ ಸರಿಯಾಗಿ ಅದಕ್ಕೆ ಮುಂಚೆ ಮುಗಿಯುತ್ತದೆ. ತಡವಾಗಿ ಬಿತ್ತಿದವರ ಗಿಡಗಳು ಮೊಗ್ಗು ಬಿಟ್ಟುಕೊಂಡು ನಹರ್‌ಬಂದಿಯ ನಡುವೆ ಸಿಕ್ಕಿಬೀಳುತ್ತವೆ. ಆಗ ಮನೆಮಂದಿಯ ಕೊಡವೋ ಹೂವಿನ ಕೊಡವೋ ಎಂಬ ಪ್ರಶ್ನೆ ಏಳುತ್ತದೆ.

ಚಳಿ ಬರುವ ಮುನ್ನ

ಬಿಕಾನೇರ, ಚೂರು ಮುಂತಾದ ಉತ್ತರದ ಭಾಗಗಳಲ್ಲಿ ಡಿಸೆಂಬರ್-ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಅಲ್ಲಿ ಚಳಿ ತಾಳದ ಗಿಡಗಳನ್ನು ಶರತ್ಕಾಲದಲ್ಲಿ ಹೊಸದಾಗಿ ನೆಡದೆ ಫೆಬ್ರವರಿ ಕಳೆಯುವವರೆಗೆ ಕಾಯುವುದು ಲೇಸು. ಈಗಾಗಲೇ ಇರುವ ಎಳೆಯ ಗಿಡಗಳಿಗೆ ನವೆಂಬರಿನಲ್ಲಿಯೇ ಹುಲ್ಲಿನ ಗೂಡು ಕಟ್ಟಿ, ಬೆಳಗಿನ ಬಿಸಿಲು ಒಳಗೆ ಬೀಳುವಂತೆ ಆಗ್ನೇಯ ದಿಕ್ಕಿನಲ್ಲಿ ಬಾಯಿ ಬಿಡುವುದು ರೂಢಿ. ಇಬ್ಬನಿ ಹೆಪ್ಪುಗಟ್ಟುವ ಸೂಚನೆಯಿದ್ದ ಸಂಜೆ ನೆಲಕ್ಕೆ ತುಸು ನೀರು ಹಾಯಿಸಿದರೆ, ಒಣಮರಳಿಗಿಂತ ತೇವದ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುವುದರಿಂದ ಗಿಡಕ್ಕೆ ರಕ್ಷಣೆ ದೊರೆಯುತ್ತದೆ.

ಮಾರ್ಚ್ ತಿಂಗಳಲ್ಲಿ ಹೂಗಳು ಬಾಡುತ್ತಿದ್ದಂತೆ ಕ್ಯಾಲೆಂಡುಲಾ, ಡೈಮಾರ್ಫೊಥೀಕಾ, ಫ್ಲಾಕ್ಸ್, ಗೈಲಾರ್ಡಿಯಾ ಇವುಗಳ ಬೀಜವನ್ನು ಗಿಡದಲ್ಲಿಯೇ ಬಲಿಯಲು ಬಿಟ್ಟು, ಉದುರುವ ಮುನ್ನ ಬಿಡಿಸಿ ನೆರಳಿನಲ್ಲಿ ಒಣಗಿಸಬೇಕು. ಸಂಕರ ತಳಿಯ ಪಿಟೂನಿಯಾದ ಬೀಜವನ್ನು ಉಳಿಸುವುದರಿಂದ ಪ್ರಯೋಜನವಿಲ್ಲ. ಮರುವರ್ಷ ಅದೇ ಹೂ ಬರುವುದಿಲ್ಲ. ಒಣಗಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು ಮತ್ತು ತಿಂಗಳು ಬರೆದು, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿಟ್ಟರೆ ಮೇ-ಜೂನ್ ತಿಂಗಳ ಕಾವಿನಿಂದ ಪಾರಾಗಿ ಮುಂದಿನ ಆಸೋಜ್‌ಗೆ ಬಿತ್ತಲು ಸಿದ್ಧವಿರುತ್ತದೆ.